ಕೆಮಾಲ್ ಪಾಷಾ: ಶಾಸನದಲ್ಲಿ ಸಮಾನತೆ, ಮನೆಯಲ್ಲಿ ವಿಳಂಬ

ಒಂದು ರಾಷ್ಟ್ರ ಎಷ್ಟು ಪ್ರಗತಿಪರ ಎಂಬುದನ್ನು ಅದರ ಶಾಸನಗಳಿಂದಲೇ ಅಳೆಯುವುದಾದರೆ, 1930ರ ದಶಕದ ಟರ್ಕಿಯು ಯುರೋಪಿನ ಹಲವು ದೇಶಗಳಿಗಿಂತ ಮುಂದಿತ್ತು. ಆ ಹಿರಿಮೆಯನ್ನು ತಂದುಕೊಟ್ಟವರು ಮುಸ್ತಫಾ ಕೆಮಾಲ್ ಪಾಷಾ. ಆದರೆ ಅವರ ಬದುಕೇ ಈ ಅಳತೆಗೋಲು ಸಾಲದೆಂಬುದನ್ನೂ ತೋರಿಸುತ್ತದೆ.

1881ರಲ್ಲಿ, ಅಂದು ಆಟೊಮನ್ ಸಾಮ್ರಾಜ್ಯದಲ್ಲಿದ್ದ ಸಲೋನಿಕಾದಲ್ಲಿ ಜನಿಸಿದ ಕೆಮಾಲ್ ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. ಸೈನಿಕ ಶಾಲೆಗಳಲ್ಲಿ ಕಲಿತು ಸೇನಾಧಿಕಾರಿಯಾದ ಅವರಿಗೆ 1915ರ ಗ್ಯಾಲಿಪೊಲಿ ಕದನ ಕೀರ್ತಿ ತಂದಿತು. ಮೊದಲ ಮಹಾಯುದ್ಧದಲ್ಲಿ ಸೋತು ಹಂಚಿಹೋಗಲಿದ್ದ ನಾಡನ್ನು ಅವರ ನೇತೃತ್ವದ ಹೋರಾಟ ಉಳಿಸಿಕೊಂಡಿತು. 1923ರ ಅಕ್ಟೋಬರ್ 29ರಂದು ಟರ್ಕಿ ಗಣರಾಜ್ಯವಾದಾಗ ಅವರೇ ಮೊದಲ ಅಧ್ಯಕ್ಷರಾದರು.

ಸುಧಾರಣೆಗಳು ಒಂದರ ಹಿಂದೊಂದರಂತೆ ಬಂದವು. 1924ರಲ್ಲಿ ಖಲೀಫರ ಪೀಠ ರದ್ದಾಯಿತು. ಅದರ ಉಳಿವಿಗಾಗಿ ಭಾರತದಲ್ಲಿ ನಡೆದಿದ್ದ ಖಿಲಾಫತ್ ಚಳವಳಿಗೆ ನೆಲೆಯೇ ಇಲ್ಲದಂತಾಯಿತು. 1926ರಲ್ಲಿ ಸ್ವಿಟ್ಜರ್ಲೆಂಡ್ ಮಾದರಿಯ ನಾಗರಿಕ ಸಂಹಿತೆ ಬಹುಪತ್ನಿತ್ವವನ್ನು ನಿಷೇಧಿಸಿ, ವಿಚ್ಛೇದನ ಕೋರುವ ಹಕ್ಕನ್ನು ಹೆಂಡತಿಗೂ ನೀಡಿತು. 1930ರಲ್ಲಿ ಸ್ಥಳೀಯ ಸಂಸ್ಥೆಗಳಿಗೆ, 1934ರಲ್ಲಿ ಸಂಸತ್ತಿಗೆ ಮಹಿಳೆಯರು ಮತ ಹಾಕುವಂತಾಯಿತು. ಫ್ರಾನ್ಸ್ ಈ ಹಕ್ಕು ನೀಡಿದ್ದು 1944ರಲ್ಲಿ. ಟರ್ಕಿಗೆ ಸಂಹಿತೆಯ ಮಾದರಿ ಒದಗಿಸಿದ ಸ್ವಿಟ್ಜರ್ಲೆಂಡ್ ರಾಷ್ಟ್ರಮಟ್ಟದಲ್ಲಿ ಅದನ್ನು ಒಪ್ಪಿದ್ದು 1971ರಲ್ಲಿ.

ಚಿತ್ರದ ಇನ್ನೊಂದು ಮಗ್ಗುಲೂ ಇದೆ. 1923ರಲ್ಲಿ ಕೆಮಾಲ್ ವರಿಸಿದ್ದು ಯುರೋಪಿನಲ್ಲಿ ವಿದ್ಯಾಭ್ಯಾಸ ಮಾಡಿದ್ದ ಲತೀಫೆ ಹಾನಿಮ್ ಅವರನ್ನು. 1925ರ ಆಗಸ್ಟ್‌ನಲ್ಲಿ ಆ ದಾಂಪತ್ಯ ಮುರಿದದ್ದು ಹಳೆಯ ಪದ್ಧತಿಯಂತೆ, ಪತಿಯ ಏಕಪಕ್ಷೀಯ ನಿರ್ಧಾರದಿಂದ. ಆ ಪದ್ಧತಿಯನ್ನೇ ಕೊನೆಗೊಳಿಸಿದ ಸಂಹಿತೆ ಅಂಗೀಕಾರವಾದದ್ದು ಆರು ತಿಂಗಳ ತರುವಾಯ.

ಹೊಸ ಸಂಹಿತೆಯೂ ಗಂಡನನ್ನೇ ಕುಟುಂಬದ ಯಜಮಾನನೆಂದು ಕರೆಯಿತು. ಹೆಂಡತಿ ಹೊರಗೆ ದುಡಿಯಲು ಅವನ ಒಪ್ಪಿಗೆ ಬೇಕಿತ್ತು. ಒಪ್ಪಿಗೆಯ ಈ ನಿಯಮ 1990ರಲ್ಲಿ ನ್ಯಾಯಾಲಯದ ತೀರ್ಪಿನಿಂದ ಬಿದ್ದುಹೋಯಿತು. ಯಜಮಾನಿಕೆ ಹೋದದ್ದು 2002ರಲ್ಲಿ ಜಾರಿಗೆ ಬಂದ ಸಂಹಿತೆಯಿಂದ. ಮತದಾನದ ಹಕ್ಕಿಗಾಗಿ ಹೋರಾಡಿದ್ದ ಮಹಿಳಾ ಸಂಘ, ಹಕ್ಕು ದೊರೆತ ಮೇಲೆ ಅಗತ್ಯವಿಲ್ಲವೆಂಬ ನೆಪದಲ್ಲಿ, 1935ರಲ್ಲಿ ಮುಚ್ಚಿಹೋಯಿತು.

ಅದೇ ವರ್ಷದ ಚುನಾವಣೆಯಲ್ಲಿ 17 ಮಹಿಳೆಯರು ಸಂಸತ್ತಿಗೆ ಬಂದರು. ಸದಸ್ಯರ ಪೈಕಿ ಇದು ಸುಮಾರು ಶೇ 4.5. ಆದರೆ ಅದು ಏಕಪಕ್ಷದ ಆಡಳಿತ. ಅವರಲ್ಲಿ ಯಾರು ಗೆಲ್ಲಬೇಕೆಂಬುದನ್ನು ಮೇಲಿನವರೇ ನಿರ್ಧರಿಸಿದ್ದರು. ಬಹುಪಕ್ಷ ಪದ್ಧತಿ ಬಂದ ಮೇಲೆ, 1950ರಲ್ಲಿ ಗೆದ್ದ ಮಹಿಳೆಯರು ಮೂವರು ಮಾತ್ರ.

1934ರಲ್ಲಿ ಸಂಸತ್ತಿನಿಂದ ಅತಾತುರ್ಕ್, ಎಂದರೆ ತುರ್ಕರ ತಂದೆ, ಎಂಬ ಹೆಸರು ಪಡೆದ ಕೆಮಾಲ್ 1938ರ ನವೆಂಬರ್ 10ರಂದು ಇಸ್ತಾಂಬುಲ್‌ನಲ್ಲಿ ನಿಧನರಾದರು. 1935ರ ಪ್ರಮಾಣವನ್ನು ಟರ್ಕಿಯ ಮಹಿಳೆಯರು ದಾಟಿದ್ದು 2007ರ ಚುನಾವಣೆಯಲ್ಲಿ, ಅವರು ತೀರಿಕೊಂಡು 69 ವರ್ಷಗಳಾಗುವ ಹೊತ್ತಿಗೆ. ಅವರು ಬರೆಸಿದ ಶಾಸನವಿಲ್ಲದಿದ್ದರೆ ಆ ಮಹಿಳೆಯರಿಗೆ ಹಿಡಿದು ನಿಲ್ಲಲು ಆಧಾರವಿರುತ್ತಿರಲಿಲ್ಲ. ಉಳಿದ ದಾರಿಯನ್ನು ಮಾತ್ರ ಅವರೇ ನಡೆಯಬೇಕಾಯಿತು.