ಡಾ. ವೈನು ಬಪ್ಪು: ದಕ್ಷಿಣದ ಆಕಾಶಕ್ಕೆ ಬಾಗಿಲು ತೆರೆದ ಖಗೋಳ ವಿಜ್ಞಾನಿ

ಸ್ವತಂತ್ರ ಭಾರತದಲ್ಲಿ ಖಗೋಳ ವಿಜ್ಞಾನಕ್ಕೆ ಭದ್ರ ಬುನಾದಿ ಹಾಕಿದವರಲ್ಲಿ ಡಾ. ಮನಾಲಿ ಕಲ್ಲಟ್ ವೈನು ಬಪ್ಪು ಅವರು ಅಗ್ರಗಣ್ಯರು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯು ಅವರ ದೂರದೃಷ್ಟಿಯ ಫಲವಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಬಪ್ಪು ಅವರು 1927ರ ಆಗಸ್ಟ್ 10ರಂದು ಮದ್ರಾಸಿನಲ್ಲಿ ಜನಿಸಿದರು. ತಂದೆಯವರು ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಸೇವೆಯಲ್ಲಿದ್ದುದರಿಂದ ಬಾಲ್ಯದಲ್ಲಿಯೇ ಅವರಿಗೆ ದೂರದರ್ಶಕದ ಪರಿಚಯವಾಯಿತು. ನಿಜಾಂ ಕಾಲೇಜಿನಲ್ಲಿ ಶಿಕ್ಷಣ ಪಡೆದ ಅವರು, ವಿದ್ಯಾರ್ಥಿಯಾಗಿದ್ದಾಗಲೇ ಬೆಳಕು ಏರಿಳಿಯುವ ನಕ್ಷತ್ರಗಳನ್ನು ಕುರಿತು ಲೇಖನ ಪ್ರಕಟಿಸಿದರು.

ಇಂದಿನ ಬೀದರ್ ಜಿಲ್ಲೆಯೂ ಆಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1948ರ ಮೇ ತಿಂಗಳಿನಲ್ಲಿ ಗೋರ್ಟಾ (ಬಿ) ಗ್ರಾಮವು ರಜಾಕಾರರ ಹತ್ಯಾಕಾಂಡಕ್ಕೆ ತುತ್ತಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸಂಸ್ಥಾನವು ಭಾರತದೊಂದಿಗೆ ಸೇರಿತು. ಈ ಸಂಕ್ರಮಣ ಕಾಲದಲ್ಲಿಯೇ ಬಪ್ಪು ಅವರು ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು, 1949ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಆರಂಭಿಸಿದರು.

ಸಂಶೋಧನೆಗಳು

ಹಾರ್ವರ್ಡ್ ವೀಕ್ಷಣಾಲಯಕ್ಕೆ ಆಗ ಹಾರ್ಲೊ ಶಾಪ್ಲಿ ಅವರು ನಿರ್ದೇಶಕರಾಗಿದ್ದರು. ಗೋಳಾಕಾರದ ನಕ್ಷತ್ರಗುಚ್ಛಗಳ ದೂರವನ್ನು ಅಳೆದು, ಸೂರ್ಯನು ಆಕಾಶಗಂಗೆಯ ಕೇಂದ್ರದಲ್ಲಿಲ್ಲವೆಂದು 1918ರ ಸುಮಾರಿಗೆ ತೋರಿಸಿಕೊಟ್ಟವರು ಅವರೇ. 1949ರಲ್ಲಿ ಬಪ್ಪು ಅವರು ಛಾಯಾಚಿತ್ರ ಫಲಕವೊಂದರಲ್ಲಿ ಹೊಸ ಧೂಮಕೇತುವನ್ನು ಗುರುತಿಸಿದರು. ಅದಕ್ಕೆ ಬಪ್ಪು-ಬಾಕ್-ನ್ಯೂಕರ್ಕ್ ಎಂಬ ಹೆಸರು ಬಂದಿತು. ಮುಂದೆ ಓಲಿನ್ ವಿಲ್ಸನ್ ಅವರೊಡನೆ ನಡೆಸಿದ ಸಂಶೋಧನೆಯು 1957ರಲ್ಲಿ ಪ್ರಕಟವಾಯಿತು. ನಕ್ಷತ್ರದ ಬೆಳಕಿನಲ್ಲಿರುವ ಕ್ಯಾಲ್ಸಿಯಂ ರೇಖೆಯ ಅಗಲದಿಂದ ಅದರ ನಿಜವಾದ ಪ್ರಕಾಶವನ್ನು, ತನ್ಮೂಲಕ ದೂರವನ್ನು ಅಂದಾಜು ಮಾಡುವ ಈ ವಿಧಾನವು ವಿಲ್ಸನ್-ಬಪ್ಪು ಪರಿಣಾಮವೆಂದು ಪ್ರಸಿದ್ಧವಾಗಿದೆ.

ಸಂಸ್ಥೆಗಳ ನಿರ್ಮಾಣ

ವಿದೇಶದಲ್ಲಿ ಉತ್ತಮ ಅವಕಾಶಗಳಿದ್ದರೂ ಅವರು ಸ್ವದೇಶಕ್ಕೆ ಮರಳಿದರು. ಉತ್ತರ ಪ್ರದೇಶದ ವೀಕ್ಷಣಾಲಯವನ್ನು ನೈನಿತಾಲ್‌ನಲ್ಲಿ ನೆಲೆಗೊಳಿಸಿ, 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ದಕ್ಷಿಣದ ಆಕಾಶವನ್ನೂ ವೀಕ್ಷಿಸಬಲ್ಲ ಸ್ಥಳಕ್ಕಾಗಿ ಹುಡುಕಿ, ತಮಿಳುನಾಡಿನ ಕಾವಲೂರನ್ನು ಆಯ್ಕೆ ಮಾಡಿದರು. ಅಲ್ಲಿ 1972ರಲ್ಲಿ 1 ಮೀಟರ್ ವ್ಯಾಸದ ದೂರದರ್ಶಕ ಕಾರ್ಯಾರಂಭ ಮಾಡಿತು. 1977ರಲ್ಲಿ ಯುರೇನಸ್ ಗ್ರಹದ ಉಂಗುರಗಳ ಪತ್ತೆಗೆ ಅಲ್ಲಿನ ವೀಕ್ಷಣೆಗಳೂ ನೆರವಾದವು. 1971ರಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯು ಸ್ವಾಯತ್ತ ಸಂಸ್ಥೆಯಾಯಿತು. ಅದರ ಕೇಂದ್ರ ಕಚೇರಿಯು ಬೆಂಗಳೂರಿನ ಕೋರಮಂಗಲದಲ್ಲಿದೆ.

ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ

ದಕ್ಷಿಣದ ಆಕಾಶದ ಮಹತ್ವಕ್ಕೆ ಕಿನ್ನರ ನಕ್ಷತ್ರಪುಂಜದ ಒಮೆಗಾ ಸೆಂಟಾರಿಯು ಉತ್ತಮ ನಿದರ್ಶನ. ಭೂಮಿಯಿಂದ ಸುಮಾರು 17,000 ಜ್ಯೋತಿರ್ವರ್ಷ ದೂರದಲ್ಲಿರುವ ಈ ಗೋಳಾಕಾರದ ಗುಚ್ಛದಲ್ಲಿ ಸುಮಾರು 1 ಕೋಟಿ ನಕ್ಷತ್ರಗಳಿವೆ. ಯುರೋಪಿನ ಬಹುಭಾಗಕ್ಕೆ ಇದು ಕಾಣುವುದೇ ಇಲ್ಲ. ಗೋರ್ಟಾ (ಬಿ) ಗ್ರಾಮದಿಂದ ಮೇ ತಿಂಗಳ ಮಧ್ಯಭಾಗದಲ್ಲಿ ರಾತ್ರಿ ಸುಮಾರು 10 ಗಂಟೆಗೆ ದಕ್ಷಿಣ ದಿಗಂತದಿಂದ ಸುಮಾರು 25 ಡಿಗ್ರಿ ಎತ್ತರದಲ್ಲಿ, ಅಂದರೆ ಚಾಚಿದ ಕೈಯ ಎರಡೂವರೆ ಮುಷ್ಟಿಯಷ್ಟು ಮೇಲೆ, ಇದನ್ನು ನೋಡಬಹುದು. ದೀಪಗಳ ಹಾವಳಿಯಿಲ್ಲದ ಕಡೆ ಬರಿಗಣ್ಣಿಗೆ ಮಸುಕಾದ ನಕ್ಷತ್ರದಂತೆಯೂ, ಬೈನಾಕ್ಯುಲರ್‌ನಲ್ಲಿ ಬೆಳಕಿನ ಉಂಡೆಯಂತೆಯೂ ಕಾಣುತ್ತದೆ.

ಗೌರವಗಳು ಮತ್ತು ನಿಧನ

ಬಪ್ಪು ಅವರು 1979ರಲ್ಲಿ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿ ಆಯ್ಕೆಯಾದರು. ಈ ಸ್ಥಾನಕ್ಕೇರಿದ ಮೊದಲ ಭಾರತೀಯರು ಅವರು. 1981ರಲ್ಲಿ ಪದ್ಮಭೂಷಣ ಪ್ರಶಸ್ತಿ ಲಭಿಸಿತು. ದೇಶದಲ್ಲಿಯೇ 2.34 ಮೀಟರ್ ವ್ಯಾಸದ ದೂರದರ್ಶಕವನ್ನು ನಿರ್ಮಿಸುವುದು ಅವರ ಮಹದಾಸೆಯಾಗಿತ್ತು. ಆದರೆ ಅದು ಪೂರ್ಣಗೊಳ್ಳುವ ಮೊದಲೇ, 1982ರ ಆಗಸ್ಟ್ 19ರಂದು, ಜರ್ಮನಿಯ ಮ್ಯೂನಿಕ್‌ನಲ್ಲಿ ಅವರು ನಿಧನರಾದರು. ಆಗ ಅವರಿಗೆ 55 ವರ್ಷ.

ಅವರ ಸಹೋದ್ಯೋಗಿಗಳು ಆ ಕಾರ್ಯವನ್ನು ಪೂರ್ಣಗೊಳಿಸಿದರು. 1986ರ ಜನವರಿ 6ರಂದು ಅಂದಿನ ಪ್ರಧಾನಮಂತ್ರಿ ಶ್ರೀ ರಾಜೀವ್ ಗಾಂಧಿಯವರು ಕಾವಲೂರಿನ ವೀಕ್ಷಣಾಲಯಕ್ಕೂ ಆ ದೂರದರ್ಶಕಕ್ಕೂ ವೈನು ಬಪ್ಪು ಅವರ ಹೆಸರನ್ನಿರಿಸಿದರು.