ಓಲೆಯ ಕಟ್ಟನ್ನು ಬಿಚ್ಚಿದ ಹಳಕಟ್ಟಿಯವರು

ಒಳ್ಳೆಯ ಮಾತು ತನ್ನ ಸತ್ತ್ವದಿಂದಲೇ ಲೋಕದಲ್ಲಿ ಹಬ್ಬುವುದೆಂದು ಹಲವರು ಭಾವಿಸುವರು. ಆದರೆ ಮಾತು ನಡೆಯುವ ಹಾದಿ ಜನಮನವೇ. ಮನವು ತೆರೆದಲ್ಲಿ ಅದು ಮುನ್ನಡೆಯುವುದು, ಅಂಜಿದಲ್ಲಿ ನಿಲ್ಲುವುದು. ವಚನಪಿತಾಮಹರೆನಿಸಿದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಜೀವನವು ಇದಕ್ಕೆ ನಿದರ್ಶನವಾಗಿದೆ.

1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಅವರು ಮುಂಬಯಿಯಲ್ಲಿ ವ್ಯಾಸಂಗ ಮಾಡಿ, 1904ರಲ್ಲಿ ನ್ಯಾಯಶಾಸ್ತ್ರದ ಪದವಿಯನ್ನು ಪಡೆದು, ಮುಂದೆ ವಿಜಾಪುರದಲ್ಲಿ ವಕೀಲಿಯನ್ನು ನಡೆಸಿದರು. ಆ ಕಾಲಕ್ಕೆ ಶಿವಶರಣರ ವಚನಗಳು ಬಹುಮಟ್ಟಿಗೆ ತಾಡವೋಲೆಗಳಲ್ಲಿಯೇ ಉಳಿದಿದ್ದವು. ಭಕ್ತರು ಅವುಗಳನ್ನು ವಸ್ತ್ರದಲ್ಲಿ ಸುತ್ತಿ, ದೇವರ ಜಗುಲಿಯ ಮೇಲಿರಿಸಿ ಪೂಜಿಸುತ್ತಿದ್ದರು; ಬಿಚ್ಚಿ ಓದುವವರು ವಿರಳ. ಪರರ ಕೈಗಿತ್ತರೆ ಅಪಚಾರವಾದೀತೆಂಬ ಶಂಕೆಯೂ ಇತ್ತು. ಸರ್ವರಿಗಾಗಿ ಆಡುನುಡಿಯಲ್ಲಿ ಹೊರಟ ಮಾತು ಹೀಗೆ ಭಕ್ತಿಯಿಂದಲೇ ಮೌನವಾಯಿತು.

ಹಳಕಟ್ಟಿಯವರು ಈ ಮನೋಭಾವವನ್ನು ಹಳಿಯಲಿಲ್ಲ. ತಾವೇ ಊರೂರಿಗೆ ಹೋಗಿ, ಮನೆಯವರ ವಿಶ್ವಾಸವನ್ನು ಗಳಿಸಿ, ಓಲೆಗಳನ್ನು ಸಂಗ್ರಹಿಸಿ ಪ್ರತಿಮಾಡಿದರು. ವಾದದಿಂದ ತೆರೆಯದ ಕಟ್ಟು ವಿಶ್ವಾಸದಿಂದ ತೆರೆಯಿತು. ಸಿದ್ಧಪಡಿಸಿದ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದಾಗ ಅದು ಅಚ್ಚಾಗದೆ ಮರಳಿತು. ಅವರು ಎದೆಗುಂದಲಿಲ್ಲ, 1923ರಲ್ಲಿ ಬೆಳಗಾವಿಯಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಅಚ್ಚಾಯಿತು.

1925ರಲ್ಲಿ ಅವರು ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ, 1926ರಲ್ಲಿ ಶಿವಾನುಭವ ಪತ್ರಿಕೆಯನ್ನೂ ಆರಂಭಿಸಿದರು. ಮಹಾಗ್ರಂಥಕ್ಕೆ ಹಿಂಜರಿಯುವ ಗೃಹಸ್ಥನೂ ನಿಯತವಾಗಿ ಮನೆಬಾಗಿಲಿಗೆ ಬರುವ ಪತ್ರಿಕೆಯನ್ನು ಓದುವನು. ಓದಿದುದನ್ನು ನೆರೆಯವರಿಗೆ ತಿಳಿಸುವನು. ಅಪರಿಚಿತವಾದುದು ಪರಿಚಿತವಾದ ಮೇಲೆ ಶಂಕೆಯು ತಾನಾಗಿ ಸಡಿಲುವುದು. ಈ ಕಾರ್ಯಕ್ಕಾಗಿ ಅವರು ತಮ್ಮ ಗಳಿಕೆಯನ್ನು ವ್ಯಯಿಸಿ ಬಡತನವನ್ನು ಸಹಿಸಿದರು. ಅದುವರೆಗೆ ಸುಮಾರು 50 ವಚನಕಾರರ ಹೆಸರುಗಳು ಮಾತ್ರ ತಿಳಿದಿದ್ದವು. ಅವರ ಶೋಧನೆಯಿಂದ 200ಕ್ಕೂ ಮಿಕ್ಕ ವಚನಕಾರರು ಬೆಳಕಿಗೆ ಬಂದರು.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು.

ಇಂದು ವಚನಗಳು ಅಚ್ಚಿನ ರೂಪದಲ್ಲಿ ಮನೆಮನೆಯಲ್ಲಿವೆ. ಆದರೆ ಗ್ರಂಥವನ್ನು ಜಗುಲಿಯ ಮೇಲಿರಿಸಿ ಕೈಮುಗಿದು ಸುಮ್ಮನಾದರೆ ಹಳೆಯ ಕಟ್ಟನ್ನೇ ಮತ್ತೆ ಕಟ್ಟಿದಂತಾಗುವುದು. ಇಲ್ಲದ ಸುದ್ದಿಯನ್ನು ಕೇಳಿದೊಡನೆ ನೆರೆಮನೆಗೆ ಮುಟ್ಟಿಸುವ ನಾಲಿಗೆಯು, ಶರಣರ ನುಡಿಯನ್ನು ಮಕ್ಕಳಿಗೆ ತಿಳಿಸಲು ಹಿಂಜರಿಯಬಾರದು. ಬಿಚ್ಚಿ ಓದುವುದೂ, ಓದಿ ಹೇಳುವುದೂ, ಹೇಳಿದಂತೆ ನಡೆಯುವುದೂ ಪೂಜೆಯೇ ಸರಿ.