ಡಾಕ್ಟರ್ ಬಿಧಾನಚಂದ್ರ ರಾಯರೂ ಉಪ್ಪುಕೆರೆಯೂ

ಕಲ್ಕತ್ತೆಯ ಸೆಕ್ಟರ್ ಫೈವ್‌ನಲ್ಲಿ ಪ್ರತಿನಿತ್ಯ ಹೋಟೆಲಿಗೂ ಆಫೀಸಿಗೂ ಧಾವಿಸುವ ನಮ್ಮ ಕನ್ನಡ ಬಂಧುಗಳಲ್ಲಿ, ಆ ಪ್ರದೇಶವು ಒಂದು ಕಾಲಕ್ಕೆ ಕೆರೆ-ಜೌಗಾಗಿತ್ತೆಂಬುದನ್ನು ಬಲ್ಲವರು ವಿರಳ. ಅದನ್ನು ನಗರವಾಗಿಸಲು ಮುಂದಾದವರು ಡಾಕ್ಟರ್ ಬಿಧಾನಚಂದ್ರ ರಾಯರು.

1882ರ ಜುಲೈ 1ರಂದು ಪಾಟ್ನಾದ ಬಂಕೀಪುರದಲ್ಲಿ ಜನಿಸಿದ ರಾಯರು ಹದಿನಾಲ್ಕರ ಪ್ರಾಯದಲ್ಲಿಯೇ ಮಾತೃವಿಯೋಗವನ್ನನುಭವಿಸಿದರು. ಕಲ್ಕತ್ತೆಯಲ್ಲಿ ವೈದ್ಯವಿದ್ಯೆಯನ್ನು ಕಲಿತು 1909ರಲ್ಲಿ ಲಂಡನ್ನಿಗೆ ತೆರಳಿದರು. ಅಲ್ಲಿಯ ಸೇಂಟ್ ಬಾರ್ತಲೋಮ್ಯು ಆಸ್ಪತ್ರೆಯು ಪದೇಪದೇ ಪ್ರವೇಶವನ್ನು ನಿರಾಕರಿಸಿದರೂ ಅರ್ಜಿ ಹಾಕುವುದನ್ನು ನಿಲ್ಲಿಸಲಿಲ್ಲ. ಎರಡು ಅತ್ಯುನ್ನತ ಪದವಿಗಳನ್ನು ಗಳಿಸಿ 1911ರಲ್ಲಿ ಮರಳಿದರು. ಗಾಂಧೀಜಿಯವರ ವೈದ್ಯರು, ಕಲ್ಕತ್ತೆಯ ಮೇಯರು, 1948ರಿಂದ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಗಳು. ಇಷ್ಟಾದರೂ ರೋಗಿಗಳನ್ನು ಉಚಿತವಾಗಿ ಪರೀಕ್ಷಿಸುವ ವ್ರತವನ್ನು ಬಿಡಲಿಲ್ಲ.

ದೇಶವಿಭಜನೆಯ ತರುವಾಯ ನಿರಾಶ್ರಿತರು ಲಕ್ಷೋಪಲಕ್ಷವಾಗಿ ಬಂದುದರಿಂದ ನಗರವು ಉಸಿರುಗಟ್ಟಿತ್ತು. ಸಾಮಾನ್ಯ ಗುಮಾಸ್ತನಿಗೂ ಮನೆ ಬೇಕು, ಜಾಗವಿಲ್ಲ. ಪೂರ್ವದಿಕ್ಕಿನಲ್ಲಿ ಉಪ್ಪುಕೆರೆಗಳು ಹರಡಿದ್ದವು. ಹೂಗ್ಲಿ ನದಿಯ ಹೂಳನ್ನು ಕೊಳವೆಗಳಲ್ಲಿ ಹಾಯಿಸಿ ಅವನ್ನು ತುಂಬುವ ಕಾರ್ಯವನ್ನು ರಾಯರು 1962ರ ಏಪ್ರಿಲಿನಲ್ಲಿ ಆರಂಭಿಸಿದರು. ಹೊಸ ನಗರದ ನಕ್ಷೆ ಯುಗೋಸ್ಲಾವಿಯದ ವಾಸ್ತುಶಿಲ್ಪಿ ತೊಶ್ಕೊವಿಚ್ ಅವರದು. ಅದೇ ಜುಲೈ 1ರಂದು, ಎಂಬತ್ತು ತುಂಬಿದ ದಿನವೇ, ರಾಯರು ತೀರಿಕೊಂಡರು. ಅಲ್ಲಿ ಒಂದು ಮನೆಯೆದ್ದುದನ್ನೂ ಕಾಣಲಿಲ್ಲ. ಮುಂದೆ ಆ ಊರಿಗೆ ಬಿಧಾನನಗರವೆಂದೇ ಹೆಸರಾಯಿತು. ಸೆಕ್ಟರ್ ಫೈವ್ ಅದರ ಐದನೆಯ ವಿಭಾಗ.

ಅವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಆದರೆ ಆ ಕೆರೆಗಳು ಬರಿಯ ಜೌಗಾಗಿರಲಿಲ್ಲ. ಉಳಿದವುಗಳಲ್ಲಿ ಇಂದಿಗೂ ಕಾಣಬಹುದು: ನಗರದ ಮೋರಿನೀರು ಕಾಲುವೆಗಳ ಮೂಲಕ ಭೇರಿಗಳೆಂಬ ಆಳವಿಲ್ಲದ ಮೀನುಕೊಳಗಳನ್ನು ಸೇರುವುದು. ಬಿಸಿಲಿನಲ್ಲಿ ಕೊಳೆ ಕರಗಿ ಪಾಚಿಯಾಗುವುದು. ಅದನ್ನುಂಡು ರೋಹು, ಕಾಟ್ಲಾ ಮೀನುಗಳು ಕೊಬ್ಬುವುವು. ತಿಳಿಯಾದ ನೀರು ಗದ್ದೆಗಳಿಗೆ ಹೋಗುವುದು. ಭಾರಿ ಯಂತ್ರಗಳ ಹಂಗಿಲ್ಲ. ನಮ್ಮವರಿಗೆ ಮೆಸ್ಸಿನಲ್ಲಿ ಮೀನೂಟ ಅಗ್ಗಕ್ಕೆ ದೊರೆಯುವುದರಲ್ಲಿ ಇವುಗಳ ಪಾಲೂ ಇದೆ.

ಮನೆಗಳಿಗಾಗಿ ಕಲ್ಪಿಸಿದ ನಗರಕ್ಕೆ ಐಶ್ವರ್ಯವೂ ಬಂದಿತು. ಗಾಜಿನ ಸೌಧಗಳು, ತಂಪುಯಂತ್ರಗಳು, ಕುಳಿತಲ್ಲಿಗೇ ಬರುವ ಡಬ್ಬಿಯ ಊಟ! ಹೋಟೆಲು ನಡೆಸಿದ ನಾವು ಬಲ್ಲೆವು: ಉಂಡ ಬಾಳೆಯೆಲೆ ದನಕ್ಕಾದರೂ ಆಗುತ್ತಿತ್ತು, ಪ್ಲಾಸ್ಟಿಕ್ ಡಬ್ಬಿ ಯಾವ ಮೀನಿಗೂ ಆಗದು. ಸಂಪತ್ತು ಏರಿದಷ್ಟೂ ಕೊಳೆ ಹೆಚ್ಚುವುದು. ಅದನ್ನು ತೊಳೆಯುವ ಕೊಳಗಳ ಮೇಲೆಯೇ ಮತ್ತೆ ಸೌಧಗಳೇಳುವುವು.

1992ರಲ್ಲಿ ಹೈಕೋರ್ಟು ಈ ಕೆರೆಗಳನ್ನು ಮುಚ್ಚುವುದಕ್ಕೆ ತಡೆಯಿತ್ತಿತು. 2002ರಲ್ಲಿ ಸುಮಾರು 12,500 ಹೆಕ್ಟೇರು ಪ್ರದೇಶವು ರಾಮ್ಸಾರ್ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಆದರೂ ಅಂಚಿನಲ್ಲಿ ಕದ್ದು ಮಣ್ಣು ಸುರಿಯುವುದು ನಿಂತಿಲ್ಲ. ಸೆಕ್ಟರ್ ಫೈವ್‌ನ ಮಗ್ಗುಲಲ್ಲಿಯೇ ನಲಬನ್ ಭೇರಿಯಿದೆ. ಆ ಸೌಧಗಳ ಕಿಟಕಿಗಳಿಂದ ಅದರ ನೀರು ಕಾಣುವುದು.